ಹದಿನೆಂಟು ಚಕ್ರದ ಕುದುರೆ

ತಾಳೆಕೊಪ್ಪಲಿನ ನಂಜಪ್ಪ ಇಪ್ಪತ್ತಮೂರು ವರ್ಷ ಲಾರಿ ಓಡಿಸಿದ್ದ. ಆದರೆ ಒಂದು ದಿನವೂ ತನ್ನ ಲಾರಿ ಓಡಿಸಿರಲಿಲ್ಲ. ಲಾರಿಯ ಮುಂದೆ ನಿಂಬೆಹಣ್ಣು ಕಟ್ಟುತ್ತಿದ್ದವನು ಇವನು, ಲಾರಿಯ ಹಿಂದೆ ಬರೆಸಿದ್ದ ಹೆಸರುಗಳು ಯಜಮಾನರ ಮೊಮ್ಮಕ್ಕಳವು. ಇದರಿಂದ ಅವನಿಗೇನೂ ಬೇಸರವಿರಲಿಲ್ಲ. ಬೇಸರವಾದದ್ದು, ಆ ಯಜಮಾನರು ಒಂದೇ ವಾರದಲ್ಲಿ ಎಂಟು ಲಾರಿಗಳನ್ನೂ ಮಾರಿ, ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ಮದುವೆ ಛತ್ರ ಕಟ್ಟಿಸುತ್ತೇನೆ ಎಂದಾಗ. ನಂಜಪ್ಪನಿಗೆ ಆಗ ನಲವತ್ತೇಳು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಅವನ ಲೈಸೆನ್ಸು ನೋಡುವುದಕ್ಕೆ ಮುಂಚೆ ನರೆತ ಮೀಸೆ ನೋಡಿದರು. ಮೀಸೆಗೆ ಬಣ್ಣ ಹಚ್ಚಿಕೊಂಡು ಹೋದಾಗ ಲೈಸೆನ್ಸು ನೋಡಿದರು. ಅದರಲ್ಲಿ ಹುಟ್ಟಿದ ತಾರೀಖಿತ್ತು.

ಎರಡು ತಿಂಗಳು ಗಂಡ ಜಗಲಿಯ ಮೇಲೆ ಕೂತಿದ್ದನ್ನು ನೋಡಿದ ಕೆಂಪಾಜಮ್ಮ ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಕ್ಯಾನು ಕೆಳಗಿಡದೆಯೇ ಹೇಳಿದಳು: “ಬ್ಯಾರೆಯೋರ ಲಾರಿನೇ ಆಗ್ಬೇಕಾ? ನಮ್ದೇ ಒಂದು ತಗಂಡ್ರೆ ಅದು ಓಡಾಕಿಲ್ವಾ?”

ಹಾಲಿನ ದುಡ್ಡಿನಲ್ಲಿ ಅವಳು ಉಳಿಸಿದ್ದು ಒಂದಿಷ್ಟಿತ್ತು. ಮಿಕ್ಕಿದ್ದಕ್ಕೆ ಬ್ಯಾಂಕಿತ್ತು. ಆದರೆ ಅವಳದೊಂದು ಷರತ್ತು. ಲಾರಿ ಮನೆ ಮುಂದೆ ಬಂದು ನಿಲ್ಲುವ ತನಕ ಊರಿಗೆ ತಿಳಿಯಕೂಡದು. ಹಿಂದೊಮ್ಮೆ ಹಸು ತರುವ ಸುದ್ದಿಯನ್ನು ಮೊದಲೇ ಸಾರಿ, ಊರೆಲ್ಲ ಬಂದು ನೋಡಿ ಹೊಗಳಿ, ಆ ಹಸು ಮೂರನೇ ದಿನದಿಂದ ಒದೆಯಲು ಶುರು ಮಾಡಿದ್ದನ್ನು ಅವಳು ಮರೆತಿರಲಿಲ್ಲ.

ಯಾವ ಲಾರಿ ಎಂಬುದರಲ್ಲಿ ನಂಜಪ್ಪನಿಗೆ ಅನುಮಾನವಿರಲಿಲ್ಲ. ಕಬ್ಬು ಹೊಡೆಯುವ ಲಾರಿಯಾದರೆ ಸಕ್ಕರೆ ಕಾರ್ಖಾನೆ ನಡೆಯುವಷ್ಟು ದಿನ ಮಾತ್ರ ಅನ್ನ. ಟಿಪ್ಪರ್ ಆದರೆ ದಿನಾ ಮಣ್ಣು, ದಿನಾ ಜಗಳ. ಅವನಿಗೆ ಬೇಕಾಗಿದ್ದದ್ದು ಟ್ರೇಲರ್ ಲಾರಿ. ಮುಂದೆ ಎಂಜಿನ್ ಇರುವ ತಲೆ ಬೇರೆ, ಹಿಂದೆ ಅದು ಎಳೆದುಕೊಂಡು ಹೋಗುವ ಉದ್ದನೆಯ ಮೈ ಬೇರೆ, ಒಟ್ಟು ಹದಿನೆಂಟು ಚಕ್ರ. ಕೊನೆಯ ಒಂಬತ್ತು ವರ್ಷ ಅವನು ಚೆನ್ನೈ ಬಂದರಿನಿಂದ ಹೊಡೆದದ್ದು ಅದನ್ನೇ.

ಎಲ್ಲ ತಾಪತ್ರಯಕ್ಕೂ ಕಾರಣವಾದದ್ದು ಆ ತಲೆಯ ಹೆಸರು. ಬಂದರಿನ ಕಡೆ ಅದಕ್ಕೆ ಹಾರ್ಸ್ ಎನ್ನುತ್ತಾರೆ. ನಂಜಪ್ಪನಿಗೂ ಹಾಗೆಯೇ ಅನ್ನುವ ಆಸೆ. ಒಬ್ಬ ತಿಳಿದ ಮನುಷ್ಯ ಮಾತನಾಡುತ್ತಿದ್ದಾನೆ ಎಂದು ಮಾರುವವನಿಗೆ ಗೊತ್ತಾಗಬೇಕಲ್ಲ. ಆದರೆ ನಮ್ಮ ಸೀಮೆಯ ನಾಲಿಗೆ ಹಕಾರವನ್ನು ಅಷ್ಟು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅವನು ಫೋನಿನಲ್ಲಿ ‘ಆರ್ಸು’ ಎಂದ. ಕೆ.ಆರ್. ಪೇಟೆಯ ಬ್ರೋಕರ್ ದಿಲೀಪ, ಏನನ್ನು ಆರಿಸಬೇಕು ಅಣ್ಣ ಎಂದು ಮೂರು ಸಲ ಕೇಳಿದ. ಅವಮಾನವಾದ ನಂಜಪ್ಪ ಅಂದಿನಿಂದ ಅದನ್ನು ಅಚ್ಚ ಕನ್ನಡದಲ್ಲಿ ಕುದುರೆ ಎಂದೇ ಕರೆಯತೊಡಗಿದ.

ಅವನ ತಾಯಿ ದ್ಯಾವಮ್ಮ ಒಳಗೆ ಅವರೆಕಾಯಿ ಬಿಡಿಸುತ್ತಿದ್ದಾಗ ಜಗಲಿಯ ಮೇಲಿನ ಮಾತು ಸ್ಪಷ್ಟವಾಗಿ ಕೇಳಿಸಿತು. “ಕುದುರೆ ಎಷ್ಟು ವರ್ಸದ್ದು? ದಿಣ್ಣೆ ಅತ್ತುವಾಗ ಉಸಿರು ಕಟ್ಟಾಕಿಲ್ಲ ತಾನೆ? ದಿನಕ್ಕೆ ಎಷ್ಟು ಕುಡೀತದೆ? ಸರಿ ಬುಡು, ಭಾನುವಾರ ಬಂದು ಕುದುರೆ ನೋಡ್ತೀನಿ.”

ದ್ಯಾವಮ್ಮ ಅರ್ಧ ಬಿಡಿಸಿದ ಅವರೆಕಾಯಿಯನ್ನು ಹಾಗೇ ಬಿಟ್ಟು ಡೈರಿಯ ಮುಂದಿನ ಸಾಲಿಗೆ ಹೋದಳು. ಸಂಜೆಯ ಹಾಲು ಅಳೆದು ಮುಗಿಯುವ ಹೊತ್ತಿಗೆ, ಕೆಲಸ ಹೋದ ನಂಜಪ್ಪ ಕುದುರೆ ತರುತ್ತಿದ್ದಾನೆ ಎಂಬುದು ಪ್ರತಿ ಕ್ಯಾನಿನ ಜೊತೆಗೂ ಒಂದೊಂದು ಮನೆ ಸೇರಿತ್ತು.

ಮರುದಿನ ಅದೇ ಸಾಲಿನಲ್ಲಿ ನಿಂತ ಕೆಂಪಾಜಮ್ಮನನ್ನು ನಾಲ್ಕು ಜನ ಸುತ್ತುವರಿದು ಕೇಳಿದರು. ಅವಳು ಒಂದು ಕ್ಷಣ ಯೋಚಿಸಿದಳು. ಊರಿನ ಕಣ್ಣೆಲ್ಲ ಇಲ್ಲದ ಕುದುರೆಯ ಮೇಲೆ ಬಿದ್ದರೆ, ಬರುವ ಲಾರಿ ನಿಶ್ಚಿಂತೆಯಾಗಿ ಬರುತ್ತದೆ. “ಊಂ ಕಣಕ್ಕ, ಕುದುರೆನೇ,” ಎಂದಳು. ಇದನ್ನು ಗಂಡನಿಗೆ ತಿಳಿಸಲಿಲ್ಲ. ತಿಳಿಸಿದರೆ ಅವನು ಮನೆಮನೆಗೂ ಹೋಗಿ ತಿದ್ದುಪಡಿ ಮಾಡಿ ಬರುವ ಪೈಕಿ.

ಊರು ಕೈಕಟ್ಟಿ ಕೂರಲಿಲ್ಲ. ಪಕ್ಕದ ಮನೆಯವರು ಅರ್ಧ ಚೀಲ ಹುರುಳಿ ತಂದು ಹಜಾರದಲ್ಲಿಟ್ಟು, ದರದ ಮಾತು ಆಮೇಲೆ ಆಡೋಣ ಎಂದರು. ಹಿಂದಿನ ಬೀದಿಯ ಕುಳ್ಳಮ್ಮ ತನ್ನ ಗುಲಾಬಿ ಕುಂಡಗಳಿಗೆ ಲದ್ದಿಯನ್ನು ಈಗಲೇ ಕಾದಿರಿಸಿ ಹೋದಳು. ಪಂಚಾಯಿತಿಯಿಂದ ಬಂದ ಗುಮಾಸ್ತರು, ಜಾನುವಾರು ಪುಸ್ತಕದಲ್ಲಿ ಕುದುರೆ ಎಂಬ ಕಾಲಂ ತಾವು ಕೆಲಸಕ್ಕೆ ಸೇರಿದಂದಿನಿಂದ ಖಾಲಿಯೇ ಇದೆ ಎಂದು ಭಾವುಕರಾಗಿ, ‘ಒಂದು, ಬರಲಿದೆ’ ಎಂದು ಬರೆದುಕೊಂಡು ಕೆಂಪಾಜಮ್ಮನ ಸಹಿ ಹಾಕಿಸಿಕೊಂಡರು. ಇದೆಲ್ಲ ನಡೆದಾಗ ನಂಜಪ್ಪ ಬ್ಯಾಂಕಿನಲ್ಲಿದ್ದ. ಬಂದವನು ಹುರುಳಿ ಚೀಲ ನೋಡಿ, ಹಸುವಿಗೆ ತಂದಿರಬೇಕೆಂದುಕೊಂಡ.

ಅವನು ಸಿಕ್ಕಿಬಿದ್ದದ್ದು ಜಯರಾಮಯ್ಯನವರ ಕೈಗೆ. ಅವರು ನಿವೃತ್ತ ಹೆಡ್‌ಮಾಸ್ಟರು. ಊರಿನ ಶಾಲೆಯ ರಾಜ್ಯೋತ್ಸವದ ಮೆರವಣಿಗೆ ಇಂದಿಗೂ ಅವರದೇ ಜವಾಬ್ದಾರಿ. ದೇವಸ್ಥಾನದ ಮನೆತನದವರಾದ್ದರಿಂದ ಅವರು ಪ್ರಾಣಿಗಳನ್ನು ಪ್ರಾಣಿಗಳೆಂದು ಕರೆಯುವವರಲ್ಲ. ಅವರಿಗೆ ಇಲಿಯೂ ವಾಹನ, ನವಿಲೂ ವಾಹನ. ಜಗಲಿಯ ಮೇಲೆ ಕೂತು ನೀರು ಕುಡಿದು, “ನಿಮ್ಮ ವಾಹನ ಬರುತ್ತಿದೆಯಂತೆ, ಸಂತೋಷ,” ಎಂದರು.

ಲಾರಿಯ ಮಾತೆಂದೇ ನಂಜಪ್ಪ ತಿಳಿದ. ಗುಟ್ಟು ರಟ್ಟಾಗಿತ್ತು. ಆದರೆ ಎರಡರಿಂದ ಹತ್ತರ ಮಗ್ಗಿಯವರೆಗೆ ತನಗೆ ಕಲಿಸಿದ ಮೇಷ್ಟ್ರಿಗೆ ಸುಳ್ಳು ಹೇಳುವುದು ಹೇಗೆ? ಹೌದೆಂದು ತಲೆಯಾಡಿಸಿದ.

ಮೆರವಣಿಗೆಯಲ್ಲಿ ರಾಜನ ವೇಷ ಹಾಕಿದ ಒಂದು ಮಗುವನ್ನು ಅದರ ಮೇಲೆ ಕೂರಿಸಬೇಕು, ಕೊಡುತ್ತೀಯಾ ಎಂದು ಮೇಷ್ಟ್ರು ಕೇಳಿದರು.

“ಒಂದ್ಯಾಕೆ ಮೇಷ್ಟ್ರೆ, ಇಡೀ ಸ್ಕೂಲೇ ಕೂರ್ಲಿ. ಅರವತ್ತು ಮಕ್ಳು ಆರಾಮಾಗಿ ಇಡೀತವೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಅರವತ್ತು ಮಕ್ಕಳೇ?”

“ಮೂವತ್ತು ಟನ್ ಎಳೀತದೆ.”

“ಅದಕ್ಕೆ ನೋವಾಗುವುದಿಲ್ಲವೇ ನಂಜಪ್ಪ?”

“ಏನೂ ಆಗಾಕಿಲ್ಲ. ಆಗಾಗ ಅಡೀಗೆ ನುಗ್ಗಿ ಗ್ರೀಸ್ ಒಡೀತಿದ್ರೆ ಸಾಕು.”

ಯಾವ ಭಾಗಕ್ಕೆ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ. ಅವರು ಎದ್ದು, ನಂಜಪ್ಪನ ಭುಜ ಮೃದುವಾಗಿ ತಟ್ಟಿ, ಚೆನ್ನಾಗಿ ನಿದ್ದೆ ಮಾಡು, ಎಳನೀರು ಕುಡಿ ಎಂದು ಹೇಳಿ ಹೊರಟುಹೋದರು. ಸಂಜೆಯೊಳಗೆ ಊರಿನ ಅಭಿಪ್ರಾಯ ಬದಲಾಗಿತ್ತು. ಕೆಲಸ ಹೋದದ್ದು ಪಾಪ ತಲೆಗೆ ಏರಿದೆ. ಅಂದಿನಿಂದ ಹೋಟೆಲಿನವನು ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದಿಂದ ಬದುವಿನ ವಿಚಾರಕ್ಕೆ ಮಾತು ಬಿಟ್ಟಿದ್ದ ಕರಿಯಪ್ಪ ದಾರಿಯಲ್ಲಿ ನಿಲ್ಲಿಸಿ ಊಟವಾಯಿತಾ ಎಂದು ಕೇಳಿದ. ಊರು ಎಷ್ಟು ಒಳ್ಳೆಯದಾಗಿಬಿಟ್ಟಿದೆಯಲ್ಲ ಎಂದು ನಂಜಪ್ಪ ಬೆರಗಾದ.

ದ್ಯಾವಮ್ಮನಿಗೆ ಮಾತ್ರ ಬೇರೆಯ ಚಿಂತೆ. ಮಗನಿಗೆ ಹುಚ್ಚು ಎಂದು ಅವಳು ನಂಬಲಿಲ್ಲ. ಆದರೆ ಕುದುರೆಯ ಬಗ್ಗೆ ಅವನಿಗೆ ಏನೂ ತಿಳಿಯದು, ಯಾರಾದರೂ ಟೋಪಿ ಹಾಕುತ್ತಾರೆ ಎಂದು ಅವಳಿಗೆ ಖಾತ್ರಿಯಿತ್ತು. ಶನಿವಾರ ಒಬ್ಬಳೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದಳು. ಅಲ್ಲಿ ಕೋಟೆ ನೋಡಲು ಬರುವವರನ್ನು ಜಟಕಾದಲ್ಲಿ ಸುತ್ತಿಸುವ ಪ್ಯಾರೇಜಾನ್ ಸಾಬರ ಕುದುರೆಗೆ ಅವಳ ಗಂಡ ಬದುಕಿದ್ದಾಗ ಹುಲ್ಲು ತಂದು ಹಾಕುತ್ತಿದ್ದ. ಸಾಬರಿಗೆ ಎಪ್ಪತ್ತು ದಾಟಿತ್ತು. ನಾಳೆ ನನ್ನ ಮಗನ ಜೊತೆ ಹೋಗಿ, ನೀವು ಸರಿ ಅಂದರೆ ಮಾತ್ರ ಅವನು ದುಡ್ಡು ಕೊಡಲಿ ಎಂದು ಅವಳು ಕೇಳಿಕೊಂಡಳು. ಸಾಬರು ಒಪ್ಪಿ ಮಾತು ಕೊಟ್ಟರು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಮನೆ ಬಿಡುವಾಗ ದ್ಯಾವಮ್ಮ ಮಗನಿಗೆ ಹೇಳಿದ್ದು ಇಷ್ಟೇ: “ಪಾಂಡವಪುರದ ಬಸ್‌ಸ್ಟ್ಯಾಂಡಲ್ಲಿ ಒಬ್ರು ಸಾಬ್ರು ಕಾಯ್ತಿರ್ತಾರೆ. ಐವತ್ತು ವರ್ಸ ಗಾಡಿ ಓಡ್ಸವ್ರೆ. ಜೊತೇಲಿರ್ಲಿ.” ತಾಯಿಗೂ ಲಾರಿಯ ವಿಷಯ ತಿಳಿದುಹೋಗಿದೆ, ತಿಳಿದೂ ಬಾಯಿ ಬಿಡದೆ ಒಬ್ಬ ಹಳೆಯ ಲಾರಿ ಡ್ರೈವರನ್ನು ಹುಡುಕಿಕೊಟ್ಟಿದ್ದಾಳೆ ಎಂದು ನಂಜಪ್ಪನ ಕಣ್ಣು ತುಂಬಿತು.

ಬಸ್ಸಿನಲ್ಲಿ ಸಾಬರೂ ನಂಜಪ್ಪನೂ ಅಕ್ಕಪಕ್ಕ ಕೂತು, ಕೆ.ಆರ್. ಪೇಟೆ ಬರುವ ತನಕ ಒಬ್ಬರ ಮಾತಿಗೆ ಒಬ್ಬರು ತಲೆದೂಗಿದರು. ಮಾರುವವನ ಮಾತು ಕೇಳಬಾರದು, ಕೈಯಿಟ್ಟು ನೋಡಬೇಕು ಎಂದರು ಸಾಬರು. ಬಣ್ಣಕ್ಕೆ ಮರುಳಾಗಬಾರದು ಎಂದರು. ವಯಸ್ಸು ಮುಚ್ಚಿಟ್ಟು ಮಾರುವವರೇ ಹೆಚ್ಚು ಎಂದರು. ಎಲ್ಲವೂ ನಂಜಪ್ಪನಿಗೆ ಸತ್ಯವೇ ಅನ್ನಿಸಿತು. ಕೆಂಪಾಜಮ್ಮ ಅಡ್ವಾನ್ಸಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ದಿಲೀಪನ ಯಾರ್ಡು ಊರಾಚೆ ಇತ್ತು. ಅವನು ಕಪ್ಪು ಕನ್ನಡಕದ, ಹಸನ್ಮುಖಿ ಯುವಕ. ಬೇಲಿಯೊಳಗೆ ಹೊಚ್ಚ ಹೊಸ ಹಳದಿ ಬಣ್ಣ ಬಳಿದ, ಚೆಂಡುಹೂವಿನ ಹಾರ ಹಾಕಿದ ಟ್ರೇಲರ್ ಲಾರಿ ನಿಂತಿತ್ತು. ಎಂಜಿನ್ ಆಗಲೇ ಗುರುಗುಟ್ಟುತ್ತಿತ್ತು. “ನೋಡಿ ಅಣ್ಣ, ನಿಮ್ ಕುದುರೆ,” ಎಂದ ದಿಲೀಪ.

ನಂಜಪ್ಪ ಓಡಿಹೋಗಿ ಹತ್ತಿದ. ಸೀಟಿಗೆ ಕೆಂಪು ಮಖಮಲ್ಲು. ಹಾರ್ನ್ ಒತ್ತಿದರೆ ಏಳು ಸ್ವರ. ಯಜಮಾನರಿಗಾಗಿ ಲಾರಿ ನೋಡಲು ಹೋದಾಗ ಒಂದೊಂದು ಟೈರನ್ನೂ ತಟ್ಟಿ ನೋಡುತ್ತಿದ್ದ ಮನುಷ್ಯ ಈಗ ಒಂದು ಟೈರನ್ನೂ ನೋಡಿರಲಿಲ್ಲ. ಮೇಲಿಂದಲೇ, ಚೀಲ ಬಿಚ್ಚು ಎಂದು ಹೆಂಡತಿಗೆ ಸನ್ನೆ ಮಾಡಿದ.

ಕೆಳಗೆ ಪ್ಯಾರೇಜಾನ್ ಸಾಬರು ಲಾರಿಯನ್ನು ಒಂದು ಸುತ್ತು ಹಾಕಿದರು. ಬೇಲಿಯ ಮೂಲೆಗಳನ್ನೆಲ್ಲ ನೋಡಿದರು. ಕೊನೆಗೆ ಕೇಳಿದರು: “ಕುದುರೆ ಎಲ್ಲಿ?”

“ಇದೇಯ ಸಾಬ್ರೆ.”

“ಇದು ಲಾರಿ.”

“ಊಂ. ಲಾರಿ ಕುದುರೆ.”

ಸಾಬರು ಕೆಂಪಾಜಮ್ಮನ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದಲೇ ವಾಪಸು ಹೋಗುತ್ತಿದ್ದರು. ಆದರೆ ಸಾಬರು ದ್ಯಾವಮ್ಮನಿಗೆ ಮಾತು ಕೊಟ್ಟಿದ್ದರು. ಅಂಗಿಯ ತೋಳು ಮಡಿಸಿ, ಲಾರಿಯ ಮುಂದೆ ಹೋಗಿ, ಅದರ ಮೂತಿಯ ಮೇಲೆ ಅಂಗೈ ಇಟ್ಟರು. ಅಷ್ಟೇ ಬೇಗ ಕೈ ಹಿಂದಕ್ಕೆಳೆದರು.

“ಇಷ್ಟು ಬಿಸಿ ಯಾಕಿದೆ?”

ನಿಮಗಾಗಿ ರೆಡಿ ಮಾಡಿ ಇಟ್ಟಿದ್ದೇನೆ ಎಂದ ದಿಲೀಪ.

“ಅರೆ ನಂಜಪ್ಪ, ಇಳಿ ಕೆಳಗೆ,” ಎಂದರು ಸಾಬರು. “ಕುದುರೆ ವ್ಯಾಪಾರದಲ್ಲಿ ಇದು ಹಳೇದು. ಕಾಲು ಹಿಡ್ಕೊಂಡಿರೋ ಕುದುರೇನ ಗಿರಾಕಿ ಬರೋ ಮುಂಚೆ ಓಡಿಸಿ ಬಿಸಿ ಮಾಡ್ತಾರೆ. ಆಮೇಲೆ ಅದು ಕುಂಟಲ್ಲ. ತಣ್ಣಗಾದ್ಮೇಲೆ ನೋಡ್ಬೇಕು. ಬಂದ್ ಮಾಡ್ಸು ಇದನ್ನ.”

ನಂಜಪ್ಪನಿಗೆ ಯಾರೋ ತಣ್ಣೀರು ಎರಚಿದಂತಾಯಿತು. ಲಾರಿ ನೋಡಲು ಹೋದರೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕೆಂದು ಎಷ್ಟು ಹೊಸ ಡ್ರೈವರುಗಳಿಗೆ ಅವನೇ ಪಾಠ ಹೇಳಿರಲಿಲ್ಲ? ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ಹನ್ನೆರಡಕ್ಕೆ ಹಾಸನದಿಂದ ಇನ್ನೊಬ್ಬ ಗಿರಾಕಿ ಬರುತ್ತಾನೆ ಎಂದು ದಿಲೀಪ ಹೆದರಿಸಿದ. ಬರಲಿ, ಅವರೂ ನಮ್ಮ ಜೊತೆ ಕೂರಲಿ ಎಂದರು ಸಾಬರು.

ಬೇವಿನ ಮರದ ಕೆಳಗೆ ಮೂವರೂ ಮೂರು ಗಂಟೆಯವರೆಗೆ ಕೂತರು. ಹಾಸನದವನು ಬರಲಿಲ್ಲ. ನಡುವೆ ಒಮ್ಮೆ ಸಾಬರು ಎದ್ದುಹೋಗಿ ಲಾರಿಯ ಬಾಗಿಲು ತೆಗೆದು ಇಣುಕಿದರು. ಕುದುರೆಯಾದರೆ ಮಾರುವವನು ಒಂದು ವಯಸ್ಸು ಹೇಳುತ್ತಾನೆ, ಹಲ್ಲು ಇನ್ನೊಂದು ಹೇಳುತ್ತದೆ; ಇದರ ಹಲ್ಲು ಎಲ್ಲಿದೆ ಎಂದು ಕೇಳಿದರು. ನಂಜಪ್ಪ ಬಗ್ಗಿ ಕ್ಲಚ್ ಪೆಡಲ್ ನೋಡಿದ. ಎರಡು ಲಕ್ಷ ಕಿಲೋಮೀಟರ್ ಮಾತ್ರ ಓಡಿದೆ ಎಂದು ಮೀಟರ್ ಹೇಳುತ್ತಿತ್ತು. ಪೆಡಲಿನ ರಬ್ಬರ್ ಪೂರ್ತಿ ಸವೆದು, ಅದರಡಿಯ ಕಬ್ಬಿಣವೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ತುಳಿಯಬೇಕಾದರೆ ಎಂಟು ಲಕ್ಷವಾದರೂ ಓಡಿರಬೇಕು. ಆಮೇಲೆ ಅವನು ಅಡಿಗೆ ನುಗ್ಗಿದ. ಹಳದಿ ಬಣ್ಣದ ಕೆಳಗೆ, ಚಾಸಿಯ ಮೇಲೆ ಬೆರಳಾಡಿಸಿದಾಗ, ಮುರಿದದ್ದನ್ನು ಬೆಸೆದ ವೆಲ್ಡಿಂಗಿನ ಗೆರೆಯೊಂದು ಉದ್ದಕ್ಕೂ ಸಿಕ್ಕಿತು.

ಮೂರು ಗಂಟೆಗೆ ಕೀಲಿ ತಿರುಗಿಸಿದರೆ ಲಾರಿ ಕೆಮ್ಮಿತು. ಏಳನೆಯ ಸಲ ಎದ್ದಿತು. ಎದ್ದದ್ದೇ ಬಿಟ್ಟ ಬಿಳಿ ಹೊಗೆಯಲ್ಲಿ ಬೇವಿನ ಮರವೂ ದಿಲೀಪನೂ ಸ್ವಲ್ಪ ಹೊತ್ತು ಕಾಣಿಸಲಿಲ್ಲ. ಹೊಗೆ ಕರಗಿದ ಮೇಲೆ ಅವನು, ಬೆಲೆಯಲ್ಲಿ ಹೆಚ್ಚುಕಡಿಮೆ ಮಾಡೋಣ ಎಂದ. ಕೆಂಪಾಜಮ್ಮ ಚೀಲದ ಬಾಯಿ ಗಂಟು ಹಾಕಿ, “ನಾಕ್ ಗಂಟೆಗೆ ಬಸ್ಸದೆ,” ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕೆಂಪಾಜಮ್ಮ ಬಾಯಿ ಬಿಟ್ಟ ಮೇಲೆ ನಂಜಪ್ಪನಿಗೆ ಎಲ್ಲವೂ ತಿಳಿಯಿತು. ಹುರುಳಿ, ಲದ್ದಿ, ಪಂಚಾಯಿತಿ ಪುಸ್ತಕ, ಬಿಟ್ಟಿ ಟೀ, ಎಳನೀರಿನ ಸಲಹೆ. ಇನ್ನೊಂದು ದಿನವಾಗಿದ್ದರೆ ಅವನು ಹೆಂಡತಿಯ ಮೇಲೆ ರೇಗುತ್ತಿದ್ದ. ಆದರೆ ಈಗ ಅವಳ ತೊಡೆಯ ಮೇಲಿನ ಚೀಲವನ್ನೇ ನೋಡುತ್ತಿದ್ದ. ಅವಳು ಹನ್ನೆರಡು ವರ್ಷ ಹಾಲು ಕರೆದದ್ದನ್ನು ಒಂದು ಹಾರ್ನಿಗಾಗಿ ಕೊಟ್ಟುಬಿಡುತ್ತಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ. “ಇಪ್ಪತ್ಮೂರು ವರ್ಸ ಏನು ಕಲ್ತೆ ನಾನು?” ಎಂದ.

ಸಾಬರು ನಗಲಿಲ್ಲ. ಪ್ರಾಯದಲ್ಲಿ ತಾವು ಜೂಲು ಚೆನ್ನಾಗಿದೆ ಎಂದು ಒಂದು ಕುದುರೆ ತಂದದ್ದನ್ನು ಹೇಳಿದರು. ಅದು ಮೂರು ವರ್ಷ ಕೋಟೆಯ ಬಾಗಿಲು ದಾಟಲಿಲ್ಲವಂತೆ. ಬಾಗಿಲ ಹತ್ತಿರ ಬಂದಾಗಲೆಲ್ಲ ಇವರು ಜಟಕಾ ನಿಲ್ಲಿಸಿ, ಇಲ್ಲಿಂದ ಮುಂದೆ ನಡೆದು ನೋಡಿದರೇನೇ ಚೆಂದ ಎಂದು ಪ್ಯಾಸೆಂಜರುಗಳಿಗೆ ಹೇಳುತ್ತಿದ್ದರಂತೆ. ಕೆಂಪಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ನಂಜಪ್ಪನಿಗೂ ನಗು ಬಂತು.

ಹತ್ತು ದಿನಗಳ ನಂತರ ನಾಗಮಂಗಲದ ಆಚೆ ಬಿಂಡಿಗನವಿಲೆಯಿಂದ ಒಂದು ಸುದ್ದಿ ಬಂತು. ಮಹದೇವಸ್ವಾಮಿ ಎಂಬವರು ತಾವೇ ಓಡಿಸಿಕೊಂಡಿದ್ದ ಟ್ರೇಲರ್ ಲಾರಿ ಮಾರುತ್ತಾರೆ. ಮಂಡಿ ನೋವು, ಕ್ಲಚ್ ತುಳಿಯಲು ಆಗುತ್ತಿಲ್ಲ. ನಂಜಪ್ಪ ಹೊರಟಾಗ ಯಾರೂ ಕರೆಯದಿದ್ದರೂ ಸಾಬರು ಬಸ್‌ಸ್ಟ್ಯಾಂಡಿನಲ್ಲಿದ್ದರು. ಒಮ್ಮೆ ಕೈಯಿಟ್ಟ ಕೆಲಸ ಮುಗಿಸಬೇಕೆಂಬುದು ಅವರ ವಾದ.

ಆ ಲಾರಿಗೆ ನೋಡುವಂಥ ಮುಖವಿರಲಿಲ್ಲ. ಬಣ್ಣ ಮಾಸಿತ್ತು. ಸುತ್ತ ಕುರಿಗಳು ಮಲಗಿದ್ದವು. ಸಾಬರು ಅಂಗೈ ಇಟ್ಟು, ಕಲ್ಲಿನ ಹಾಗೆ ತಣ್ಣಗಿದೆ ಎಂದರು. ನಂಜಪ್ಪ ಕೀಲಿ ತಿರುಗಿಸಿದ. ಮೊದಲ ಸಲಕ್ಕೇ ಎದ್ದಿತು. ಒಂದು ಕುರಿಯೂ ಎದ್ದು ನಿಲ್ಲಲಿಲ್ಲ, ಲಾರಿ ದಿನಾ ಹಾಗೇ ಏಳುತ್ತಿತ್ತೆಂದು ಕಾಣುತ್ತದೆ. ಮಹದೇವಸ್ವಾಮಿ ಕೋಲೂರಿಕೊಂಡು ಬಂದು, ಎಡಗಡೆ ವೈಪರ್ ಆಡುವುದಿಲ್ಲ, ಚಳಿಯಲ್ಲಿ ಎರಡನೇ ಗೇರು ಬೀಳಲು ಸತಾಯಿಸುತ್ತದೆ, ಮಳೆ ಬಂದರೆ ಡ್ರೈವರನ ಬಲ ಭುಜದ ಮೇಲೆ ಸೋರುತ್ತದೆ ಎಂದು ಒಂದೊಂದಾಗಿ ಒಪ್ಪಿಸಿದರು. ಮಾರುವವರ ಬಾಯಿಂದ ಇಂಥ ಮಾತು ಕೇಳಿ ನಂಜಪ್ಪನಿಗೆ ಗಾಬರಿಯೇ ಆಯಿತು. ಆದರೂ ಈ ಸಲ ಅವನು ಹದಿನೆಂಟು ಟೈರುಗಳನ್ನೂ ತಟ್ಟಿದ. ಅಡಿಗೆ ನುಗ್ಗಿ ಚಾಸಿಯ ಉದ್ದಕ್ಕೂ ಬೆರಳಾಡಿಸಿದ. ಪರ್ಮಿಟ್ಟು, ಎಫ್‌ಸಿ ಎಲ್ಲವನ್ನೂ ಎರಡೆರಡು ಸಲ ಓದಿದ. ಮಧ್ಯಾಹ್ನವಾಯಿತು.

ಕೊನೆಗೆ ಮಹದೇವಸ್ವಾಮಿ ಒಂದೇ ಒಂದು ಪ್ರಶ್ನೆ ಕೇಳಿದರು. “ಡ್ರೈವರ್ ಇಡ್ತೀರಾ, ನೀವೇ ಓಡ್ಸ್ತೀರಾ?”

“ನಾನೇಯ.”

ಅವರು ಹೆಗಲ ಮೇಲಿನ ಟವೆಲ್ ತೆಗೆದು, ಸ್ಟಿಯರಿಂಗನ್ನು ಸುತ್ತಲೂ ಒರೆಸಿ, ಆಮೇಲೆ ಕೀಲಿ ಕೊಟ್ಟರು.

ಬ್ಯಾಂಕಿನ ಕಾಗದ ಮುಗಿದು ಲಾರಿ ತಾಳೆಕೊಪ್ಪಲಿಗೆ ಬಂದ ದಿನ ಇಡೀ ಊರು ಕುದುರೆ ನೋಡಲು ನೆರೆದಿತ್ತು. ದೊಡ್ಡ ರಸ್ತೆಯಲ್ಲಿ ಬಂದು ನಿಂತದ್ದನ್ನು ನೋಡಿ, ಪಂಚಾಯಿತಿ ಗುಮಾಸ್ತರು ಪುಸ್ತಕ ಮುಚ್ಚಿದರು. ಕುಳ್ಳಮ್ಮ ಹಿಂದಕ್ಕೂ ಮುಂದಕ್ಕೂ ನೋಡಿ, “ಓ, ಲಾರಿನಾ?” ಎಂದಳು. ಅರ್ಧ ಗಂಟೆಯಲ್ಲಿ ರಸ್ತೆ ಖಾಲಿ. ಹೊಟ್ಟೆಕಿಚ್ಚು ಪಡಬೇಕೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ಕೆಂಪಾಜಮ್ಮ ತೃಪ್ತಿಯಿಂದ ಆರತಿ ಎತ್ತಿದಳು. ದ್ಯಾವಮ್ಮ ಮಾತ್ರ ಮಗನನ್ನು ಪಕ್ಕಕ್ಕೆ ಕರೆದು, ಸಾಬ್ರು ನೋಡಿ ಸರಿ ಅಂದ್ರಾ ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

ಮೊದಲ ಲೋಡು ಶ್ರೀರಂಗಪಟ್ಟಣದ ಹತ್ತಿರದ ಒಂದು ಕಬ್ಬಿಣದ ಗೋದಾಮಿನಿಂದ ಸಿಕ್ಕಿತು. ನಂಜಪ್ಪ ಬೆಳಿಗ್ಗೆ ಎಂಟಕ್ಕೇ ಹೋಗಿ ಲಾರಿ ನಿಲ್ಲಿಸಿದ. ಹನ್ನೊಂದಕ್ಕೆ ಆಫೀಸಿನಲ್ಲಿದ್ದ ಪ್ರಿಯಾಂಕ ಎಂಬ ಹುಡುಗಿ ಕರೆದು, ಸರಕು ನಾಳೆ ಬರುತ್ತದೆ, ಇವತ್ತು ಇಲ್ಲೇ ಕಾಯಬೇಕು, ಕಾದದ್ದಕ್ಕೆ ಏನೂ ಕೊಡುವುದಿಲ್ಲ, ನಿಮ್ಮ ಓನರನ್ನು ಕೇಳಿ ಹೇಳಿ ಎಂದಳು.

ಆಗಲಿ ಮೇಡಂ ಎಂದು ನಂಜಪ್ಪ ಹೊರಗೆ ಬಂದ. ಗೋಡೆಯ ನೆರಳಲ್ಲಿ ನಿಂತು ಫೋನ್ ತೆಗೆದ. ಹಳೆಯ ಯಜಮಾನರ ನಂಬರ್ ಇನ್ನೂ ಎಲ್ಲಕ್ಕಿಂತ ಮೇಲೆಯೇ ಇತ್ತು. ಒತ್ತಲು ಹೋದ ಹೆಬ್ಬೆರಳು ಅಲ್ಲೇ ನಿಂತಿತು. ಅವನು ಒಂದು ನಿಮಿಷ ಆ ನಂಬರನ್ನೇ ನೋಡಿದ. ಆಮೇಲೆ ಅಂಗಳದಲ್ಲಿ ನಿಂತಿದ್ದ ಲಾರಿಯನ್ನು ನೋಡಿದ. ಫೋನ್ ಜೇಬಿಗೆ ಹಾಕಿ, ಶರಟು ಸರಿಮಾಡಿಕೊಂಡು ಒಳಗೆ ಹೋದ.

“ಓನರ್ರು ಒಪ್ಪಾಕಿಲ್ಲ ಅಂದ್ರು ಮೇಡಂ.”

ಯಾಕಂತೆ ಎಂದಳು ಹುಡುಗಿ, ಕಂಪ್ಯೂಟರಿನಿಂದ ತಲೆಯೆತ್ತದೆ.

“ಡ್ರೈವರ್ ಬೆಳಿಗ್ಗೆ ಬಂದವ್ನೆ, ಅವನ್ನ ಸುಮ್ನೆ ಕಾಯಿಸ್ಬ್ಯಾಡಿ ಅಂದ್ರು. ಇವತ್ತು ಲೋಡ್ ಮಾಡಿ, ಇಲ್ಲ ಅಂದ್ರೆ ಕಾಯೋ ಕೂಲಿ ಕೊಡಿ ಅಂದ್ರು. ಅವನಿಗೂ ಮನೆ ಅದೆ ಅಂದ್ರು.”

ಹುಡುಗಿ ಈಗ ತಲೆಯೆತ್ತಿ ನೋಡಿದಳು. ಫೋನೆತ್ತಿ ಒಳಗಿನವರ ಜೊತೆ ಏನೋ ಮಾತಾಡಿದಳು. ಎರಡು ಗಂಟೆಗೆ ಲೋಡ್ ಮಾಡುತ್ತಾರಂತೆ, ಗಾಡಿಯನ್ನು ಒಳಗೆ ತನ್ನಿ ಎಂದಳು. ಚೀಟಿ ಬರೆದುಕೊಡುತ್ತಾ, “ಡ್ರೈವರ್ ಪರವಾಗಿ ಮಾತಾಡೋ ಓನರ್‌ನ ನಾನು ನೋಡೇ ಇಲ್ಲ. ಒಳ್ಳೆಯವರು ಸಿಕ್ಕಿದಾರೆ ನಿಮಗೆ,” ಎಂದಳು.

“ಊಂ ಮೇಡಂ,” ಎಂದ ನಂಜಪ್ಪ, ಚೀಟಿಯನ್ನು ಎರಡು ಕೈಯಲ್ಲೂ ತೆಗೆದುಕೊಳ್ಳುತ್ತಾ. “ಈಗೀಗ ಸಿಕ್ಕವ್ರೆ.”